ಅಜ್ಜಿಯ ವೀಸಾ ಮುಗಿದ ಮೇಲೆ

ಸ್ಯಾನ್ ಡಿಯಾಗೋದ ಕನ್ನಡ ಮನೆಗಳಲ್ಲಿ ಬಾಣಂತನವೆಂದರೆ ಆರು ತಿಂಗಳ ಲೆಕ್ಕ. ವಿಮಾನದಿಂದಿಳಿದ ಅಜ್ಜಿಗೆ ವಲಸೆ ಅಧಿಕಾರಿ ಸಾಮಾನ್ಯವಾಗಿ ಕೊಡುವ ಗಡುವು ಅಷ್ಟೇ. ಅಷ್ಟರೊಳಗೆ ಎಣ್ಣೆನೀರು, ಸಾಂಬ್ರಾಣಿ, ನಾಮಕರಣ, ಅನ್ನಪ್ರಾಶನ ಎಲ್ಲ ಮುಗಿಯಬೇಕು. ಲೆಕ್ಕಾಚಾರದ ದಂಪತಿ ಇದನ್ನು ಎರಡು ಕಂತು ಮಾಡಿಕೊಳ್ಳುತ್ತಾರೆ: ಮೊದಲು ಹೆಣ್ಣಿನ ಕಡೆಯವರು, ಅವರು ಹೊರಡುವ ವಾರಕ್ಕೆ ಗಂಡಿನ ಕಡೆಯವರು. ಬೀಗಿತಿಯರಿಬ್ಬರೂ ಒಂದೆರಡು ದಿನ ಒಂದೇ ಮನೆಯಲ್ಲಿದ್ದು, ಮಗುವಿಗೆ ಎಷ್ಟು ಹೊತ್ತಿಗೆ ಹಾಲು, ಯಾವ ಹಾಡಿಗೆ ನಿದ್ದೆ, ಯಾರನ್ನು ಕಂಡರೆ ಅಳು ಎಂದು ಚಾರ್ಜು ಕೊಟ್ಟು ತೆಗೆದುಕೊಳ್ಳುತ್ತಾರೆ. ಎಷ್ಟು ಎಳೆದರೂ ವರ್ಷ ದಾಟುವುದಿಲ್ಲ. ಎರಡನೇ ಅಜ್ಜಿ ಸೂಟ್‌ಕೇಸಿನ ತೂಕ ನೋಡುವ ಹೊತ್ತಿಗೆ, ಡೇಕೇರ್ ಎಂಬ ಮಾತು ಮನೆಯಲ್ಲಿ ಪಿಸುದನಿಯಿಂದ ಜಗಳದ ಮಟ್ಟಕ್ಕೆ ಏರಿರುತ್ತದೆ.

ರಜೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಅಮೆರಿಕದ ಉದಾರ ರಾಜ್ಯಗಳಲ್ಲೊಂದು. ಹಣ ಸಿಗುವ ಕುಟುಂಬ ರಜೆಯನ್ನು ಆ ದೇಶದಲ್ಲಿ ಮೊದಲು ಜಾರಿಗೆ ತಂದದ್ದು ಅದೇ, 2004ರಲ್ಲಿ. ಉದಾರತೆಯ ಅಳತೆ ಮಾತ್ರ ಹೀಗಿದೆ: ಹೆರಿಗೆಯ ನಂತರ ಮೈ ಸುಧಾರಿಸಿಕೊಳ್ಳಲು ಸಾಮಾನ್ಯವಾಗಿ 6 ವಾರ, ಸಿಸೇರಿಯನ್ ಆದರೆ 8; ಅದರ ಮೇಲೆ ಮಗುವಿನ ಜೊತೆಗಿರಲು 8 ವಾರ. ಕೈಗೆ ಬರುವುದೂ ಪೂರ್ತಿ ಸಂಬಳವಲ್ಲ. ಬೆಂಗಳೂರಿನಲ್ಲಿರುವ ತಂಗಿಗೆ 2017ರ ತಿದ್ದುಪಡಿ ತಂದ 26 ವಾರ ಪೂರ್ತಿ ಸಂಬಳದ ರಜೆ ಉಂಟು. ಐವತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದೂ ಅಲ್ಲಿನ ಕಾನೂನು ಹೇಳುತ್ತದೆ. ಕೇಂದ್ರ ಎಲ್ಲಿದೆ ಎಂದು ಕೇಳಿದರೆ ತಂಗಿ ನಕ್ಕು ಸುಮ್ಮನಾಗುತ್ತಾಳೆ, ಅದು ಬೇರೆ ಕತೆ.

ಇತ್ತ ಸ್ಯಾನ್ ಡಿಯಾಗೋದಲ್ಲಿ ಮೊದಲು ಹೊಳೆಯುವುದು ‘ಆಂಟಿ’. ಬ್ಲ್ಯಾಕ್ ಮೌಂಟನ್ ರೋಡಿನ ಭಾರತೀಯ ಅಂಗಡಿಗಳ ಸಾಲಿನಲ್ಲಿ ಬೇಳೆ, ಕರಿಬೇವು ತರಲು ಹೋದವರ ಕಣ್ಣಿಗೆ ಒಂದಲ್ಲ ಒಂದು ಚೀಟಿ ಬೀಳುತ್ತದೆ: ಮನೆಯ ವಾತಾವರಣ, ಸಸ್ಯಾಹಾರಿ ಊಟ, ಮಗುವನ್ನು ನಮ್ಮದೇ ಮಗುವಿನಂತೆ ನೋಡಿಕೊಳ್ಳುತ್ತೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು, ‘ನಮ್ಮ ಪಾಪು ಎರಡು ವರ್ಷ ಅಲ್ಲೇ ಇತ್ತು, ತುಂಬ ಒಳ್ಳೆಯವರು’ ಎಂದು ಬರೆದರೆ ಅರ್ಧ ಕೆಲಸ ಆದ ಹಾಗೆ. ಹೋಗಿ ನೋಡಿದರೆ ಬಾಗಿಲಲ್ಲೇ ಒಗ್ಗರಣೆಯ ವಾಸನೆ. ಆಂಟಿ ಮಗುವನ್ನು ಎತ್ತಿಕೊಂಡ ರೀತಿಯಲ್ಲೇ ಕೈ ಪಳಗಿದೆ ಎಂದು ಗೊತ್ತಾಗುತ್ತದೆ. ಪರದೇಶದಲ್ಲಿ ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಯಾರಿಗೆ ಬೇಕು?

ಕ್ಯಾಲಿಫೋರ್ನಿಯಾ ಸರ್ಕಾರಕ್ಕೆ ಬೇಕು. ಅಲ್ಲಿನ ಕಾನೂನು ಸರಳವಾಗಿದೆ. ಒಬ್ಬರು ತಮ್ಮ ಮಕ್ಕಳ ಜೊತೆಗೆ ಇನ್ನೊಂದೇ ಒಂದು ಕುಟುಂಬದ ಮಕ್ಕಳನ್ನು ದುಡ್ಡು ಪಡೆದು ನೋಡಿಕೊಂಡರೆ ಲೈಸೆನ್ಸ್ ಬೇಡ. ಎರಡನೇ ಕುಟುಂಬದ ಮಗು ಒಳಗೆ ಬಂದ ಕ್ಷಣದಿಂದ ಬೇಕು. ಅಂದರೆ ಆಂಟಿಯ ನಡುಮನೆಯಲ್ಲಿ ಕನ್ನಡದ ಒಂದು, ತೆಲುಗಿನ ಒಂದು, ಗುಜರಾತಿನ ಒಂದು ಮಗು ಆಡುತ್ತಿದ್ದು ಗೋಡೆಯ ಮೇಲೆ ಲೈಸೆನ್ಸ್ ಇಲ್ಲದಿದ್ದರೆ, ಆ ಮನೆ ಕಾನೂನಿನ ಹೊರಗಿದೆ; ಸಿಕ್ಕಿಬಿದ್ದರೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ. ಆಂಟಿಯ ಪ್ರೀತಿ ಇಲ್ಲಿ ಪ್ರಶ್ನೆಯಲ್ಲ. ಅಂಥವರಲ್ಲಿ ಹೆಚ್ಚಿನವರು ನಿಜಕ್ಕೂ ಒಳ್ಳೆಯವರೇ. ತೊಂದರೆ ಎಲ್ಲಿ ಅಂದರೆ, ಆ ಮನೆಯಲ್ಲಿ ಹಿಂದೆ ಏನಾದರೂ ಆಗಿತ್ತೇ ಎಂದು ತಿಳಿಯಲು ಹೊಸಬರಿಗೆ ಯಾವ ದಾರಿಯೂ ಇಲ್ಲ. ಅಲ್ಲಿ ಏನಾದರೂ ಆದದ್ದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಮನೆಗೇ ಬಂದು ಮಗು ನೋಡಿಕೊಳ್ಳುವ ದಾದಿಗೂ ಲೈಸೆನ್ಸ್ ಇಲ್ಲ. ಅಂಥವರಿಗಾಗಿ ‘ಟ್ರಸ್ಟ್‌ಲೈನ್’ ಎಂಬ ಪಟ್ಟಿಯಿದೆ. ಬೆರಳಚ್ಚು ಕೊಟ್ಟು, ಅಪರಾಧದ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆಗಳಲ್ಲಿ ಹೆಸರಿಲ್ಲ ಎಂದು ಖಾತ್ರಿಯಾದವರನ್ನು ಮಾತ್ರ ಅದಕ್ಕೆ ಸೇರಿಸುತ್ತಾರೆ. ದಾದಿಗೆ ಕೊಡುವ ಸಂಬಳ ಕೇಳಿದ ಮೇಲೆ ಬಹಳಷ್ಟು ಮನೆಗಳಲ್ಲಿ ಆ ವಿಚಾರ ಅಲ್ಲಿಗೇ ಮುಗಿಯುತ್ತದೆ.

ಇನ್ನು ಲೈಸೆನ್ಸ್ ಇರುವ ಕಡೆಗಳು. ಕೊಡುವುದು ರಾಜ್ಯದ ಸಮಾಜಸೇವಾ ಇಲಾಖೆಯ ಪರವಾನಗಿ ವಿಭಾಗ. ಆಧಾರ, 1984ರ ಮಕ್ಕಳ ಡೇಕೇರ್ ಕಾಯ್ದೆ. ಬಗೆ ಮುಖ್ಯವಾಗಿ ಎರಡು. ಒಂದು, ಬೋರ್ಡು ಹಾಕಿಕೊಂಡು ಪ್ರತ್ಯೇಕ ಕಟ್ಟಡದಲ್ಲಿ ನಡೆಯುವ ಕೇಂದ್ರ. ಇನ್ನೊಂದು, ನಡೆಸುವವರು ತಾವು ವಾಸವಿರುವ ಮನೆಯಲ್ಲೇ ನಡೆಸುವ ಫ್ಯಾಮಿಲಿ ಡೇಕೇರ್. ನಮ್ಮವರ ಮನಸ್ಸಿನಲ್ಲಿ ಲೈಸೆನ್ಸ್ ಎಂದರೆ ಗಾಜಿನ ಬಾಗಿಲಿನ ದೊಡ್ಡ ಕೇಂದ್ರ, ಮನೆ ಎಂದರೆ ಲೈಸೆನ್ಸ್ ಇಲ್ಲದ ಆಂಟಿ ಎಂದು ಕೂತುಬಿಟ್ಟಿದೆ. ಇವೆರಡರ ನಡುವೆ ಲೈಸೆನ್ಸ್ ಪಡೆದ ಮನೆಗಳು ಊರ ತುಂಬ ಇವೆ. ಒಗ್ಗರಣೆ ಹಾಕುವ ಆಂಟಿಗೂ ಆ ದಾರಿ ತೆರೆದೇ ಇದೆ, ಬಾಡಿಗೆ ಮನೆಯಲ್ಲಿದ್ದರೂ ಕೂಡ. ಮೊದಲೆಲ್ಲ ಮನೆ ಮಾಲೀಕರು ತಕರಾರು ತೆಗೆಯುತ್ತಿದ್ದರು, ನಗರಸಭೆಗಳು ದೊಡ್ಡ ಮನೆ ಡೇಕೇರ್‌ಗಳಿಂದ ಬೇರೆ ಪರವಾನಗಿ ಕೇಳುತ್ತಿದ್ದವು. 2019ರಲ್ಲಿ ಒಪ್ಪಿಗೆ ಪಡೆದು 2020ರ ಜನವರಿಯಿಂದ ಜಾರಿಯಾದ ಕಾನೂನು ಇವೆರಡಕ್ಕೂ ಕಡಿವಾಣ ಹಾಕಿತು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಮನೆಯ ಬಳಕೆಯೇ ಹೊರತು ವ್ಯಾಪಾರದ ಬಳಕೆಯಲ್ಲ ಎಂಬುದು ಅದರ ಸಾರ.

ಮನೆ ಡೇಕೇರ್‌ನಲ್ಲಿ ತಲೆ ಎಣಿಸುವುದೇ ಒಂದು ಗಣಿತ. ಎರಡು ವರ್ಷ ತುಂಬದವರೆಲ್ಲ ಅಲ್ಲಿ ಕೂಸುಗಳು. ಚಿಕ್ಕ ಲೈಸೆನ್ಸ್ ಇದ್ದರೆ ಕೂಸುಗಳನ್ನಷ್ಟೇ ಇಟ್ಟುಕೊಂಡಾಗ ನಾಲ್ಕೇ. ಆರು ಮಕ್ಕಳಿದ್ದರೆ ಅದರಲ್ಲಿ ಕೂಸುಗಳು ಮೂರಕ್ಕಿಂತ ಹೆಚ್ಚಿರಬಾರದು. ಎಂಟರವರೆಗೂ ಹೋಗಬಹುದು, ಆದರೆ ಆಗ ಕೂಸುಗಳು ಎರಡೇ, ಜೊತೆಗೆ ಶಾಲೆಗೆ ಹೋಗುವ ಮಕ್ಕಳೂ ಇರಬೇಕು. ದೊಡ್ಡ ಲೈಸೆನ್ಸ್‌ಗೆ ಸಹಾಯಕರೊಬ್ಬರು ಕಡ್ಡಾಯ. ಮಿತಿ ಹನ್ನೆರಡು, ಕೆಲವು ಷರತ್ತಿನ ಮೇಲೆ ಹದಿನಾಲ್ಕು. ನಡೆಸುವವರ ಸ್ವಂತ ಮಕ್ಕಳು ಹತ್ತು ವರ್ಷದೊಳಗಿದ್ದರೆ ಅವರೂ ಲೆಕ್ಕಕ್ಕೆ ಸೇರುತ್ತಾರೆ. ನೋಡಲು ಹೋದ ಅಪ್ಪ-ಅಮ್ಮ ಗೋಡೆಯ ಚಿತ್ರಗಳನ್ನು ಹೊಗಳುತ್ತ ನಿಲ್ಲುವ ಬದಲು ಹಾಸಿಗೆಗಳನ್ನೂ ಊಟದ ಕುರ್ಚಿಗಳನ್ನೂ ಎಣಿಸಿದರೆ ಬಹಳಷ್ಟು ತಿಳಿಯುತ್ತದೆ.

ಕೇಂದ್ರಗಳ ಲೆಕ್ಕ ಬೇರೆ. ನಾಲ್ಕು ಕೂಸುಗಳಿಗೆ ಒಬ್ಬರು, ಹದಿನೆಂಟು ತಿಂಗಳು ದಾಟಿದ ಪುಟಾಣಿಗಳ ತರಗತಿಯಲ್ಲಿ ಆರಕ್ಕೆ ಒಬ್ಬರು, ಅದಕ್ಕಿಂತ ದೊಡ್ಡವರಿಗೆ ಹನ್ನೆರಡಕ್ಕೆ ಒಬ್ಬರು. ಒಳಗೆ ಪ್ರತಿ ಮಗುವಿಗೆ 35 ಚದರ ಅಡಿ, ಹೊರಗೆ ಆಡಲು 75. ಈ ಅಂಕಿಗಳನ್ನು ಓದಿದರೆ ಕೂಸುಗಳ ಶುಲ್ಕ ಯಾಕೆ ತಿಂಗಳಿಗೆ 2,000 ಡಾಲರ್ ದಾಟುತ್ತದೆ ಎಂಬುದು ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ. ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಹನ್ನೊಂದು ಗಂಟೆ, ತಿಂಗಳಿಗೆ 22 ದಿನ. ನಗರದ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 17.25 ಡಾಲರ್. ಆ ನಾಲ್ಕು ಕೂಸುಗಳ ಪಕ್ಕ ಒಬ್ಬರನ್ನು ನಿಲ್ಲಿಸಲು ಕೂಲಿಯೇ 4,174 ಡಾಲರ್ ಆಯಿತು. ಅದೂ ಕನಿಷ್ಠ ಕೂಲಿಗೆ ಬರುವವರು ಸಿಕ್ಕರೆ. ಇದರ ಮೇಲೆ ಕಡಲ ನಗರದ ಬಾಡಿಗೆ, ವಿಮೆ, ಊಟದ ಹೊತ್ತಿನಲ್ಲಿ ಬದಲಿಗೆ ನಿಲ್ಲುವವರು, ಡಯಾಪರ್ ಬದಲಿಸುವ ಮೇಜು ಒರೆಸುವ ದ್ರಾವಣದವರೆಗೆ. ದುಬಾರಿ ಎಂದು ಗೊಣಗುವ ಅಪ್ಪನೂ ಬಡಪಾಯಿ, ಆ ಸಂಬಳಕ್ಕೆ ದಿನವಿಡೀ ಬೆನ್ನು ಬಾಗಿಸುವ ಹೆಣ್ಣುಮಗಳೂ ಬಡಪಾಯಿ.

ಕೇಂದ್ರಗಳು ಇಷ್ಟು ದಿನ ಬದುಕಿದ್ದು ನಾಲ್ಕು ವರ್ಷದವರ ಪುಣ್ಯದಿಂದ. ಹನ್ನೆರಡಕ್ಕೆ ಒಬ್ಬರು ಸಾಕಾಗುವ ಆ ತರಗತಿಯ ಉಳಿತಾಯ ಕೂಸುಗಳ ಕೋಣೆಯ ನಷ್ಟ ತುಂಬುತ್ತಿತ್ತು. 2025-26ರ ಶಾಲಾವರ್ಷದಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳು ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿದ ಎಲ್ಲ ಮಕ್ಕಳನ್ನೂ ಉಚಿತವಾಗಿ ಸೇರಿಸಿಕೊಳ್ಳುತ್ತಿವೆ. ದೊಡ್ಡ ಮಕ್ಕಳ ಅಪ್ಪ-ಅಮ್ಮಂದಿರಿಗೆ ಇದು ಹಬ್ಬ. ಕೇಂದ್ರ ನಡೆಸುವವರು ಮಾತ್ರ ಕೂಸುಗಳ ಕೋಣೆಯನ್ನು ಇಟ್ಟುಕೊಳ್ಳುವುದೋ ಮುಚ್ಚುವುದೋ ಎಂದು ಲೆಕ್ಕ ಹಾಕುತ್ತ ಕೂತಿದ್ದಾರೆ.

ಹುಡುಕುವುದು ಎಲ್ಲಿ? ಇದಕ್ಕೂ ಅಲ್ಲಿ ಒಂದು ಹಳೆಯ ವ್ಯವಸ್ಥೆಯಿದೆ, ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಡೇಕೇರ್ ಹುಡುಕುವವರಿಗೆ ಪುಕ್ಕಟೆ ದಾರಿ ತೋರಿಸುವ ಸಂಸ್ಥೆಗಳಿಗೆ ರಾಜ್ಯ 1976ರಿಂದಲೇ ಹಣ ಕೊಡುತ್ತ ಬಂದಿದೆ. ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ಆ ಕೆಲಸ ವೈಎಂಸಿಎಯ ಮಕ್ಕಳ ಆರೈಕೆ ವಿಭಾಗದ್ದು. ಮನೆ ಎಲ್ಲಿ, ಮಗುವಿನ ವಯಸ್ಸೆಷ್ಟು, ಯಾವ ಹೊತ್ತು ಬೇಕು ಎಂದು ಹೇಳಿದರೆ ಲೈಸೆನ್ಸ್ ಇರುವವರ ಪಟ್ಟಿ ಕೊಡುತ್ತಾರೆ. ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ಶಿಫಾರಸು ಮಾಡುವುದಿಲ್ಲ. ನಮ್ಮವರಿಗೆ ಅಲ್ಲೇ ನಿರಾಸೆ. ಪಟ್ಟಿ ಯಾರಿಗೆ ಬೇಕು ಸ್ವಾಮಿ, ‘ನೀವೇ ಒಂದು ಹೇಳಿ’ ಎಂದು ಕೇಳಿ ಅಭ್ಯಾಸ.

ಪಟ್ಟಿ ಹಿಡಿದು ನಕ್ಷೆಯ ಮೇಲೆ ಬೆರಳಿಟ್ಟಾಗ ಊರಿನ ಭೂಗೋಳ ತನ್ನ ಬುದ್ಧಿ ತೋರಿಸುತ್ತದೆ. ಕೆಲಸ ಇರುವುದು ಕಡಲ ಕಡೆ: ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಗಳು, ಲಾ ಹೋಯಾದ ವಿಶ್ವವಿದ್ಯಾಲಯ, ಔಷಧ ಸಂಶೋಧನೆಯ ಕಟ್ಟಡಗಳು. ಕೈಗೆಟಕುವ ಮನೆಗಳು ಇರುವುದು ಒಳನಾಡಿನ ಕಡೆ, ದಕ್ಷಿಣದ ಕಡೆ. ಮನೆಯಲ್ಲೇ ಡೇಕೇರ್ ನಡೆಸುವವರೂ ಮನೆ ಸಿಕ್ಕ ಕಡೆಯೇ ಇರಬೇಕಲ್ಲ. ಆದ್ದರಿಂದ ಮೀರಾ ಮೇಸಾದ, ಚುಲಾ ವಿಸ್ಟಾದ ಬೀದಿಗಳಲ್ಲಿ ಸಿಗುವ ಮನೆ ಡೇಕೇರ್ ಕಡಲು ಕಾಣುವ ಗುಡ್ಡದ ಮೇಲೆ ಸಿಗುವುದು ಅಪರೂಪ. ಕಚೇರಿಯ ಪಕ್ಕ ಸೇರಿಸಿದರೆ ಮಧ್ಯಾಹ್ನ ಹೋಗಿ ಹಾಲು ಕುಡಿಸಬಹುದು. ಆದರೆ 5 ಮತ್ತು 805ನೇ ಹೆದ್ದಾರಿಗಳು ಕೂಡುವ ಜಾಗದಲ್ಲಿ ಸಂಜೆ ಅರ್ಧ ಗಂಟೆ ಅಳುವ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಿಲ್ಲಬೇಕು. ಮನೆಯ ಪಕ್ಕ ಸೇರಿಸಿದರೆ ಅದೇ ಅರ್ಧ ಗಂಟೆ ಒಬ್ಬರೇ ನಿಂತು, ತಡವಾದ ಪ್ರತಿ ನಿಮಿಷಕ್ಕೂ ದಂಡ ಕಟ್ಟಬೇಕು. ಅನುಭವಿಗಳು ಮನೆಯ ಪಕ್ಕವೇ ವಾಸಿ ಎನ್ನುತ್ತಾರೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕರೆತರಬಹುದು ಎಂಬುದು ಅವರ ವಾದ, ಅದು ಸರಿಯೂ ಹೌದು.

ಹೆಸರು ಸಿಕ್ಕಿದ ಮೇಲೆ ಮಾಡಬೇಕಾದದ್ದು ಕಡತ ಓದುವುದು. ಲೈಸೆನ್ಸ್‌ನ ನಿಜವಾದ ಬೆಲೆ ಇರುವುದೇ ಇಲ್ಲಿ. ಗೋಡೆಗೆ ತೂಗಿದ ಕಾಗದ ‘ಈ ಜಾಗ ಚೆನ್ನಾಗಿದೆ’ ಎಂದೇನೂ ಹೇಳುವುದಿಲ್ಲ. ನಡೆಸುವವರ ಮತ್ತು ಆ ಮನೆಯಲ್ಲಿರುವ ದೊಡ್ಡವರೆಲ್ಲರ ಬೆರಳಚ್ಚು ಪರೀಕ್ಷೆಯಾಗಿದೆ, ಪ್ರಥಮ ಚಿಕಿತ್ಸೆಯ ತರಬೇತಿಯಾಗಿದೆ, ಒಬ್ಬ ಇನ್‌ಸ್ಪೆಕ್ಟರ್ ಬಂದು ನೋಡಿ ಹೋಗಿದ್ದಾರೆ, ಇಷ್ಟನ್ನು ಹೇಳುತ್ತದೆ. ಮಗುವಿಗೆ ಅವರು ಹಾಡು ಹೇಳುತ್ತಾರೋ ಟಿವಿ ಹಾಕುತ್ತಾರೋ ಅದಕ್ಕೆ ಗೊತ್ತಿಲ್ಲ. ಆದರೆ ಆ ಕಾಗದದ ಮೇಲೊಂದು ಒಂಬತ್ತು ಅಂಕಿಯ ಸಂಖ್ಯೆ ಇರುತ್ತದೆ. ಜಾಹೀರಾತು ಕೊಟ್ಟರೆ ಅದರಲ್ಲೂ ಆ ಸಂಖ್ಯೆ ಹಾಕಲೇಬೇಕು ಎಂಬ ನಿಯಮವಿದೆ. ಅಂಗಡಿಯ ಚೀಟಿಯಲ್ಲಿ ಸಂಖ್ಯೆ ಇದೆಯೋ ಇಲ್ಲವೋ ನೋಡುವುದೇ ಮೊದಲ ಜರಡಿ. ಆ ಸಂಖ್ಯೆಯಿಂದ ಆ ಮನೆಗೆ ಇನ್‌ಸ್ಪೆಕ್ಟರ್ ಯಾವಾಗ ಬಂದಿದ್ದರು, ಏನು ಕಂಡರು, ಏನು ದೂರು ಬಂದಿತ್ತು, ದೂರು ಸಾಬೀತಾಯಿತೇ ಎಂಬುದನ್ನೆಲ್ಲ ಯಾರು ಬೇಕಾದರೂ ತೆಗೆದು ಓದಬಹುದು.

ತಪ್ಪುಗಳಲ್ಲಿ ಎರಡು ದರ್ಜೆ. ಮಗುವಿನ ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಅಪಾಯ ತರುವಂಥದು ‘ಟೈಪ್ ಎ’: ಮಗುವನ್ನು ಅಂಗಳದಲ್ಲಿ ಬಿಟ್ಟು ಎಲ್ಲರೂ ಒಳಗೆ ಬಂದದ್ದು, ಬೆರಳಚ್ಚು ಕೊಡದವರನ್ನು ಕೆಲಸಕ್ಕೆ ನಿಲ್ಲಿಸಿದ್ದು ಇಂಥವು. ಅದು ಬಿದ್ದರೆ ವರದಿಯನ್ನು ಮೂವತ್ತು ದಿನ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಪೋಷಕರಿಗೆ ಪ್ರತಿ ಕೊಡಬೇಕು. ಸಿಬ್ಬಂದಿಯ ಕಡತದಲ್ಲಿ ದಡಾರದ ಲಸಿಕೆಯ ದಾಖಲೆ ಇಲ್ಲದಿರುವಂಥವು ‘ಟೈಪ್ ಬಿ’. ದೂರು ಬಂದರೆ ಹತ್ತು ದಿನದೊಳಗೆ ಸ್ಥಳಕ್ಕೆ ಹೋಗಿ ವಿಚಾರಿಸಬೇಕು. ದೂರಿಲ್ಲದಿದ್ದರೆ ಮಾತ್ರ ಇನ್‌ಸ್ಪೆಕ್ಟರರ ದಿಢೀರ್ ಭೇಟಿ ಕನಿಷ್ಠ ಮೂರು ವರ್ಷಕ್ಕೊಮ್ಮೆ ಆದರೆ ಸಾಕು. ಅಂದರೆ ಒಂದು ಮಗು ಕೂಸಾಗಿ ಸೇರಿ ಶಾಲೆಗೆ ಹೋಗುವಷ್ಟರಲ್ಲಿ ಇಲಾಖೆ ಒಂದೇ ಸಲ ಬಂದಿರಬಹುದು. ಆದ್ದರಿಂದ ಕಡತ ಖಾಲಿಯಿದೆ ಎಂದು ಹಿಗ್ಗುವಂತಿಲ್ಲ. ಕೊನೆಯ ಭೇಟಿಯ ತಾರೀಕು ನೋಡಬೇಕು. ಹದಿನೈದು ವರ್ಷ ನಡೆದ ಮನೆಯಲ್ಲಿ ಎರಡು ‘ಬಿ’ ಇದ್ದು, ಎರಡನ್ನೂ ಹೇಳಿದ ಗಡುವಿನೊಳಗೆ ಸರಿಪಡಿಸಿದ್ದರೆ, ಹೊಸದಾಗಿ ತೆರೆದ ನಿಷ್ಕಳಂಕ ಮನೆಗಿಂತ ಅದೇ ಮೇಲು ಎನ್ನಲು ಅಡ್ಡಿಯಿಲ್ಲ. ‘ಆಗ ಏನಾಗಿತ್ತು?’ ಎಂದು ಕೇಳಿದಾಗ ಮುಖ ಗಂಟಿಕ್ಕುವವರು ಯಾರು, ಕೂರಿಸಿ ವಿವರಿಸುವವರು ಯಾರು ಎಂಬುದೂ ಅಲ್ಲೇ ಗೊತ್ತಾಗಿಬಿಡುತ್ತದೆ.

ಕಡತ ಓದಲು ಬಾರದ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಲೇಸು. ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದೇ ಮೊದಲು. ಆ ಕಡೆಯ ಅಂಗನವಾಡಿಯಲ್ಲಿ ಜೀವಮಾನ ಕಳೆದು, ನಿವೃತ್ತಿಯ ನಂತರ ಮೊಮ್ಮಗುವನ್ನು ನೋಡಲು ಬಂದ ಅಜ್ಜಿಯೊಬ್ಬರು ಡೇಕೇರ್ ಒಳಗೆ ಕಾಲಿಟ್ಟರೆ ಏನಾದೀತು? ಆಟಿಕೆಗಳ ಕಡೆ ಅವರ ಕಣ್ಣು ಹೋಗುವುದಿಲ್ಲ. ನೆಲ ಒದ್ದೆಯಿದೆಯೇ, ಮೂಗು ಸುರಿಯುವ ಮಗುವನ್ನು ಬೇರೆ ಕೂರಿಸಿದ್ದಾರೆಯೇ, ಡಯಾಪರ್ ಬದಲಿಸಿದವಳು ಕೈ ತೊಳೆದಳೇ, ಅಳುವ ಮಗುವಿನ ಕಡೆ ಯಾರಾದರೂ ತಿರುಗಿ ನೋಡಿದರೇ ಎಂದು ನೋಡುತ್ತಾರೆ. ಆಮೇಲೆ ರಿಜಿಸ್ಟರು ಎಲ್ಲಿ ಎಂದು ಕೇಳುತ್ತಾರೆ.

ರಿಜಿಸ್ಟರು ಇರುತ್ತದೆ. ಕೂಸುಗಳ ಕೋಣೆಯ ಗೋಡೆಗೆ ಕ್ಲಿಪ್ ಹಾಕಿದ ಹಲಗೆ, ಅದರ ಮೇಲೆ ಗೆರೆ ಎಳೆದ ಹಾಳೆ. ಎಡಕ್ಕೆ ಮಕ್ಕಳ ಹೆಸರು, ಮೇಲೆ ಹೊತ್ತು: 12.45, 1.00, 1.15, 1.30. ಮಲಗಿದ ಕೂಸನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ, ಉಸಿರಾಟ ಸಲೀಸಾಗಿದೆಯೇ, ಮೈ ಬಿಸಿಯಾಗಿದೆಯೇ, ಮುಖ ಕೆಂಪೇರಿದೆಯೇ ಎಂದು ಪರೀಕ್ಷಿಸಿ ಬರೆಯಬೇಕು. 2020ರಲ್ಲಿ ಬಂದ ನಿಯಮ ಇದು. ವರ್ಷ ತುಂಬದ ಕೂಸನ್ನು ಅಂಗಾತವೇ ಮಲಗಿಸಬೇಕು. ತೊಟ್ಟಿಲಲ್ಲಿ ಬಿಗಿಯಾಗಿ ಹಾಸಿದ ಬಟ್ಟೆ ಬಿಟ್ಟರೆ ದಿಂಬು, ಹೊದಿಕೆ, ಗೊಂಬೆ ಏನೂ ಇರಬಾರದು. ಬಟ್ಟೆಯಲ್ಲಿ ಸುತ್ತಿ ಕಟ್ಟುವಂತೆಯೂ ಇಲ್ಲ. ಅಜ್ಜಿ ಹಾಳೆಯ ಮೇಲೆ ಬೆರಳಾಡಿಸಿ, ಎಲ್ಲ ಗೆರೆಗೂ ಒಂದೇ ಶಾಯಿ, ಒಂದೇ ಓಟದ ಕೈಬರಹ ಇದೆಯೇ ಎಂದು ನೋಡುತ್ತಾರೆ. ಸಂಜೆ ಒಟ್ಟಿಗೆ ಕೂತು ತುಂಬಿದ ರಿಜಿಸ್ಟರು ಹೇಗಿರುತ್ತದೆ ಎಂಬುದು ನರಸೀಪುರದಲ್ಲೂ ಒಂದೇ, ಸ್ಯಾನ್ ಡಿಯಾಗೋದಲ್ಲೂ ಒಂದೇ.

ಅವರಿಗೆ ಒಪ್ಪಿಗೆಯಾಗದ್ದೂ ಉಂಟು. ತಲೆ ದುಂಡಗಾಗಲೆಂದು ಊರಿಂದ ಹೊಲಿಸಿ ತಂದ ಸಾಸಿವೆ ದಿಂಬಿಗೆ ಇಲ್ಲಿ ಪ್ರವೇಶವಿಲ್ಲ. ಕೊರಳ ಸರ ತೆಗೆದಿಟ್ಟು ಬನ್ನಿ ಎನ್ನುವವರೂ ಇದ್ದಾರೆ. ಮಗು ಬೇಗ ನಡೆಯಲಿ ಎಂದು ಮಾವನವರು ಕೊಡಿಸಿದ ಚಕ್ರದ ವಾಕರ್ ಅಂತೂ ಕ್ಯಾಲಿಫೋರ್ನಿಯಾದ ಯಾವ ಡೇಕೇರ್‌ನ ಆವರಣದಲ್ಲೂ ಇರಕೂಡದು, ಕಾನೂನೇ ಹಾಗೆ. ರಾಗಿ ಸರಿ ಕಳಿಸಬಹುದು. ಡಬ್ಬಿಯ ಮೇಲೆ ಹೆಸರು, ತಾರೀಕು ಬರೆದು. ಚುಲಾ ವಿಸ್ಟಾದ ಮೆಕ್ಸಿಕನ್ ಅಜ್ಜಿಯೊಬ್ಬರು ಅದರ ಬಣ್ಣ ನೋಡಿ ಚಾಕೊಲೇಟ್ ಎಂದುಕೊಂಡರೂ ಚಮಚ ಹಿಡಿದು ತಾಳ್ಮೆಯಿಂದ ತಿನ್ನಿಸಬಲ್ಲರು. ಅಂಥ ಮನೆಯಲ್ಲಿ ಬೆಳೆದ ಕನ್ನಡದ ಮಕ್ಕಳು ನೀರು ಕೇಳುವುದು ಸ್ಪ್ಯಾನಿಷ್‌ನಲ್ಲಿ.

ಅಜ್ಜಿಗೆ ತಿಳಿಯದ, ಅಪ್ಪ-ಅಮ್ಮನೇ ಕೇಳಬೇಕಾದ ಪ್ರಶ್ನೆಗಳೂ ಇವೆ. ಹಿತ್ತಲಲ್ಲಿ ಈಜುಕೊಳ ಇರುವ ಮನೆಗಳು ಈ ಊರಿನಲ್ಲಿ ಸಾಮಾನ್ಯ. ಕೊಳದ ಸುತ್ತ ಕನಿಷ್ಠ ಐದು ಅಡಿ ಬೇಲಿ, ತಾನಾಗಿ ಮುಚ್ಚಿಕೊಂಡು ಚಿಲಕ ಬೀಳುವ ಗೇಟು ಇರಬೇಕು. ಮಾತಿಗೆ ನಂಬದೆ ಗೇಟನ್ನು ಒಮ್ಮೆ ತೆರೆದು ಕೈಬಿಟ್ಟು ನೋಡುವುದರಲ್ಲಿ ಸಂಕೋಚವೇನೂ ಬೇಡ. ಮನೆಯಲ್ಲಿ ಬಂದೂಕು ಇದೆಯೇ ಎಂದು ಕೇಳಲು ನಮ್ಮವರ ನಾಲಿಗೆ ಏಳುವುದಿಲ್ಲ, ಅಮೆರಿಕದಲ್ಲಿ ಅದು ಅಸಭ್ಯ ಪ್ರಶ್ನೆಯೇ ಅಲ್ಲ. ಇದ್ದರೆ ಬೀಗದೊಳಗೆ ಇರಬೇಕು, ಗುಂಡು ಬೇರೆಯೇ ಕಡೆ. ಸೇರಿಸುವ ದಿನ ಕೊಡುವ ಕಾಗದಗಳ ನಡುವೆ ಒಂದು ಪ್ರಮಾಣಪತ್ರವೂ ಇರಬಹುದು: ಈ ಮನೆಗೆ ಹೊಣೆಗಾರಿಕೆ ವಿಮೆ ಇಲ್ಲವೆಂಬುದು ನನಗೆ ತಿಳಿದಿದೆ ಎಂದು ಪೋಷಕರು ಸಹಿ ಹಾಕುವಂಥದು. ಮನೆ ಡೇಕೇರ್‌ಗೆ ವಿಮೆ ಕಡ್ಡಾಯವಲ್ಲ, ಇಲ್ಲದಿದ್ದರೆ ಹೀಗೆ ತಿಳಿಸುವುದು ಕಡ್ಡಾಯ. ಹತ್ತು ಸಹಿಗಳ ರಭಸದಲ್ಲಿ ಇದನ್ನು ಓದದೆ ಹಾಕಿದವರೇ ಹೆಚ್ಚು.

ಸಹಿ ಹಾಕುವಾಗ ಕೈಗೆ ಬರುವ ಇನ್ನೊಂದು ಹಾಳೆ ಪೋಷಕರ ಹಕ್ಕುಗಳದ್ದು. ಮಗು ಅಲ್ಲಿರುವ ಯಾವುದೇ ಹೊತ್ತಿನಲ್ಲಿ, ಮುಂಚಿತವಾಗಿ ಹೇಳದೆ ಒಳಗೆ ಹೋಗಿ ನೋಡುವ ಹಕ್ಕು ಅದರಲ್ಲಿ ಮೊದಲನೆಯದು. ಬೆಂಗಳೂರಿನ ಕಾನೂನಿನಂತೆ ದಿನಕ್ಕೆ ನಾಲ್ಕು ಸಲ ಎಂಬ ಮಿತಿಯೂ ಇಲ್ಲ. ‘ನಿದ್ದೆಯ ಹೊತ್ತು, ಈಗ ಬೇಡ’ ಎಂದು ಬಾಗಿಲಲ್ಲೇ ತಡೆಯುವ ಜಾಗದಿಂದ ಮಗುವನ್ನು ಬಿಡಿಸಿಕೊಂಡು ಬರಲು ಬೇರೆ ಕಾರಣ ಬೇಕಿಲ್ಲ.

ಇಷ್ಟೆಲ್ಲ ಅನುಮಾನ ಬೇಕೇ ಎಂದು ಊರಿಂದ ಫೋನು ಮಾಡುವ ಅತ್ತೆ ಕೇಳುತ್ತಾರೆ. ಅನುಮಾನಕ್ಕೂ ಮಿತಿ ಬೇಕೆಂಬುದನ್ನು ಇದೇ ಕರಾವಳಿ ಕಲಿತಿದೆ. ಲಾಸ್ ಏಂಜಲೀಸ್ ಬಳಿಯ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ 1983ರಲ್ಲಿ ಮ್ಯಾಕ್‌ಮಾರ್ಟಿನ್ ಎಂಬ ಶಿಶುವಿಹಾರದ ಮೇಲೆ ಭೀಕರ ಆರೋಪಗಳು ಬಂದವು. ಪುಟ್ಟ ಮಕ್ಕಳನ್ನು ದಾರಿತಪ್ಪಿಸುವ ಪ್ರಶ್ನೆಗಳಿಂದ ಮತ್ತೆ ಮತ್ತೆ ವಿಚಾರಿಸಿದರು, ವರ್ಷಗಟ್ಟಲೆ ವಿಚಾರಣೆ ನಡೆಯಿತು, 1990ರಲ್ಲಿ ಮುಗಿದಾಗ ಒಬ್ಬರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಅಷ್ಟರಲ್ಲಿ ದೇಶದ ತುಂಬ ಅಪ್ಪ-ಅಮ್ಮಂದಿರು ಮಗುವನ್ನು ಬಿಡುವ ಬಾಗಿಲಲ್ಲಿ ಬೆದರಿ ನಿಂತಿದ್ದರು. ಗಾಳಿಮಾತಿಗಿಂತ ಕಡತ ವಾಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ವಾಟ್ಸ್‌ಆ್ಯಪ್‌ನ ಹೊಗಳಿಕೆಗೆ ಹೇಗೋ ಹಾಗೆ ಅಲ್ಲಿನ ತೆಗಳಿಕೆಗೂ ಯಾರೂ ಹೊಣೆಯಲ್ಲ.

ಆಯ್ಕೆ ಎಂದೆಲ್ಲ ಮಾತಾಡಿದ್ದಾಯಿತು. ನಿಜದಲ್ಲಿ ಆಯ್ದುಕೊಳ್ಳುವುದು ಡೇಕೇರ್. ಬಸುರಿ ಎಂದು ತಿಳಿದ ವಾರವೇ ಹೆಸರು ಬರೆಸಿದವರು ಸಾಲಿನ ಮುಂದೆ, ಅಜ್ಜಿ ವಿಮಾನ ಹತ್ತುವ ತಿಂಗಳು ಎಚ್ಚೆತ್ತವರು ಹಿಂದೆ. ಕೆಲವು ಕಡೆ ಸಾಲಿನಲ್ಲಿ ನಿಲ್ಲಲೂ ದುಡ್ಡು, ವಾಪಸು ಬರುವುದಿಲ್ಲ. ಅಣ್ಣ ಅಥವಾ ಅಕ್ಕ ಅಲ್ಲೇ ಇದ್ದರೆ ತಮ್ಮನಿಗೆ ಮೊದಲ ಮಣೆ. ನೌಕಾಪಡೆಯ ಊರಾದ್ದರಿಂದ ನೆಲೆಗಳ ಒಳಗೆ ಒಳ್ಳೆಯ ಶಿಶುಕೇಂದ್ರಗಳಿವೆ. 1989ರ ಸೈನಿಕ ಶಿಶುಪಾಲನಾ ಕಾಯ್ದೆಯ ಮೇಲೆ ನಿಂತ ಅವಕ್ಕೆ ರಾಜ್ಯದ ಲೈಸೆನ್ಸ್ ಬೇಡ, ಶುಲ್ಕವೂ ಸಂಬಳ ನೋಡಿಕೊಂಡು. ಆದರೆ ಚಿಪ್ ವಿನ್ಯಾಸ ಮಾಡುವ ಶಿವಮೊಗ್ಗದ ಹುಡುಗನಿಗೆ ಅಲ್ಲಿ ಜಾಗವೆಲ್ಲಿ? ಎಚ್-4 ವೀಸಾದಲ್ಲಿ ಬಂದು, ದುಡಿಯಲು ಅನುಮತಿ ಸಿಕ್ಕಿ, ಕೆಲಸದ ಸಂದರ್ಶನವೂ ಮುಗಿದ ಹೆಂಡತಿ ಡೇಕೇರ್‌ನ ಕರೆಗಾಗಿ ಕಾಯುತ್ತ ಸೇರುವ ತಾರೀಕನ್ನು ಮುಂದೆ ಮುಂದೆ ಹಾಕುತ್ತಾಳೆ. ಕರೆ ಬಂದರೆ ಎರಡು ದಿನದಲ್ಲಿ ಉತ್ತರ ಹೇಳಬೇಕು, ಮುಂಗಡ ಕಟ್ಟಬೇಕು. ಕಡತವನ್ನು ಮುಂಚೆಯೇ ಓದಿಟ್ಟುಕೊಂಡವರು ಆ ಎರಡು ದಿನ ನೆಮ್ಮದಿಯಾಗಿ ಮಲಗುತ್ತಾರೆ.

ಕೊನೆಗೆ ಫಾರಂಗಳು. ಲಸಿಕೆಯ ಪಟ್ಟಿ, ವೈದ್ಯರ ವರದಿ, ಅಲರ್ಜಿ. ಅವುಗಳಲ್ಲಿ ಕಷ್ಟದ್ದು ಒಂದೇ: ತುರ್ತು ಸಮಯದಲ್ಲಿ ಮಗುವನ್ನು ಕರೆದೊಯ್ಯಬಲ್ಲವರ ಹೆಸರು. ಇದು ಸುಮ್ಮನೆ ತುಂಬುವ ಕಾಲಂ ಅಲ್ಲ. 2007ರ ಅಕ್ಟೋಬರ್‌ನಲ್ಲಿ ಒಣಗಾಳಿಯ ಬೆನ್ನೇರಿ ಬಂದ ಕಾಡ್ಗಿಚ್ಚು ನಗರದ ರಾಂಚೊ ಬರ್ನಾರ್ಡೊ ಬಡಾವಣೆಯ ಮನೆಗಳನ್ನು ಸುಟ್ಟಿತು. ಊರಿಗೆ ಊರೇ ಮನೆ ಬಿಟ್ಟು ಹೊರಟಿತ್ತು. 2011ರ ಸೆಪ್ಟೆಂಬರ್ 8ರಂದು ಮಧ್ಯಾಹ್ನ ಇಡೀ ಕೌಂಟಿಯ ವಿದ್ಯುತ್ ಹೋಗಿ, ಸಿಗ್ನಲ್‌ಗಳು ಆರಿ, ಮಕ್ಕಳನ್ನು ಕರೆತರಲು ಹೊರಟವರು ರಸ್ತೆಗಳಲ್ಲೇ ಸಿಕ್ಕಿಕೊಂಡರು. ಬೆಂಕಿ ಬಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತೀರಿ, ಆರು ತಿಂಗಳಿಗೊಮ್ಮೆ ಮಾಡಲೇಬೇಕಾದ ಅಣಕು ಕವಾಯತು ಕೊನೆಯ ಸಲ ಯಾವಾಗ ಮಾಡಿದಿರಿ ಎಂದು ಕೇಳಿದವರಿಗೆ ಉತ್ತರ ಸಿಕ್ಕಿರುತ್ತದೆ. ಆದರೆ ಡೇಕೇರ್‌ನವರು ತಿರುಗಿ ಕೇಳುವ ಪ್ರಶ್ನೆಗೆ ಅಪ್ಪ-ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ. ಊರಲ್ಲಾಗಿದ್ದರೆ ಬೀದಿಗೆ ನಾಲ್ಕು ಹೆಸರು. ಇಲ್ಲಿ ಒಂದು ಕಾಲಂಗೆ ಎದುರು ಮನೆಯ ಫಿಲಿಪೀನ್ಸ್‌ನ ನರ್ಸ್, ಇನ್ನೊಂದಕ್ಕೆ ರಾಜ್ಯೋತ್ಸವದಲ್ಲಿ ಪರಿಚಯವಾದ ಕುಂದಾಪುರದ ದಂಪತಿ. ಭೂಕಂಪವಾದರೆ ಸ್ಥಳೀಯ ಫೋನುಗಳು ಕೈಕೊಡಬಹುದು, ಹೊರ ರಾಜ್ಯದ ಒಬ್ಬರ ಹೆಸರೂ ಇರಲಿ ಎಂದು ಡೇಕೇರ್‌ನವರು ಹೇಳುತ್ತಾರೆ. ಅಲ್ಲಿ ಡಲ್ಲಾಸಿನ ಚಿಕ್ಕಪ್ಪನ ಹೆಸರು, ನಂಬರು ಬರೆದು ಸಹಿ ಹಾಕಿದ್ದಾಗಿದೆ. ಚಿಕ್ಕಪ್ಪನಿಗೊಂದು ಮಾತು ತಿಳಿಸಬೇಕು ಎಂಬುದು ಮಾತ್ರ ಇನ್ನೂ ಯಾರಿಗೂ ನೆನಪಾಗಿಲ್ಲ.